ಡಿಸ್ನಿ ವರ್ಲ್ಡ್‌ಗೆ ಎಷ್ಟು ದಿನ? ಅಣ್ಣನ ಮಗನಿಗೊಂದು ಪತ್ರ

ಟ್ಯಾಂಪಾ

ಚಿರಂಜೀವಿ ಪುಟ್ಟನಿಗೆ ನಿನ್ನ ಅತ್ತೆಯ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಅಣ್ಣ ಅತ್ತಿಗೆ ಜುಲೈ ಕೊನೆಗೆ ನ್ಯೂಜೆರ್ಸಿಗೆ ಬರುತ್ತಾರೆ, ಆಗಸ್ಟ್‌ನಲ್ಲಿ ಎಲ್ಲರನ್ನೂ ಡಿಸ್ನಿ ವರ್ಲ್ಡ್‌ಗೆ ಕರೆತರುತ್ತೇನೆ ಅಂತ ನೀನು ಹೇಳಿದಾಗಿನಿಂದ ನನಗೆ ಹಿಗ್ಗೋ ಹಿಗ್ಗು. ಆದರೆ ಎಂಟು ದಿನದ ಟಿಕೆಟ್ ತೆಗೆಯುವ ಯೋಚನೆ ಇದೆ ಅಂದೆಯಲ್ಲ, ಆ ಬಗ್ಗೆ ಫೋನಿನಲ್ಲಿ ನಿಧಾನವಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಎಂಟು ದಿನ ಬೇಡ ಪುಟ್ಟ. ನಾಲ್ಕು ದಿನದ ಟಿಕೆಟ್ ತಗೋ, ಆರು ರಾತ್ರಿ ಉಳಿದುಕೋ, ನಡುವೆ ಒಂದು ದಿನ ಪಾರ್ಕಿನ ಕಡೆ ತಲೆ ಹಾಕಬೇಡ. ಅಣ್ಣ ಅತ್ತಿಗೆಗೆ ಎರಡೇ ದಿನದ ಟಿಕೆಟ್ ಸಾಕು.

ದಿನ ಹೆಚ್ಚಿದಷ್ಟೂ ದಿನವೊಂದರ ಟಿಕೆಟ್ ದರ ಇಳಿಯುತ್ತದೆ ಅಂತ ಲೆಕ್ಕ ತೋರಿಸಿದೆ. ನಿಜ, ಇಳಿಯುತ್ತದೆ. ಆದರೆ ಯಾಕೆ ಇಳಿಸುತ್ತಾರೆ ಅಂತಲೂ ಯೋಚಿಸು. 1955ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಯವರು ಮೊದಲ ಪಾರ್ಕ್ ತೆರೆದಾಗ ಸುತ್ತಮುತ್ತಲಿನ ಹೋಟೆಲುಗಳ ಲಾಭವೆಲ್ಲ ಬೇರೆಯವರ ಪಾಲಾಯಿತು. ಅದನ್ನು ನೋಡಿಯೇ ಫ್ಲಾರಿಡಾದಲ್ಲಿ ಸುಮಾರು 40 ಚದರ ಮೈಲಿ ಜಾಗ ಇಟ್ಟುಕೊಂಡು 1971ರಲ್ಲಿ ಇದನ್ನು ಶುರು ಮಾಡಿದರು. ಹೋಟೆಲು, ಊಟ, ಅಂಗಡಿ, ಬಸ್ಸು ಎಲ್ಲ ಒಳಗೇ. ನೀನು ಇನ್ನೊಂದು ದಿನ ಒಳಗಿದ್ದರೆ ಟಿಕೆಟ್ಟಿನಲ್ಲಿ ಬಿಟ್ಟದ್ದು ಅವರಿಗೆ ಬೇರೆ ದಾರಿಯಲ್ಲಿ ಬರುತ್ತದೆ. ಆರು ಜನರ ಸಂಸಾರಕ್ಕೆ ಎರಡು ರೂಮು, ಮೂರು ಹೊತ್ತು ಊಟ, ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್‌ಗೆ ತಲೆಗಿಷ್ಟು ದಿನಕ್ಕಿಷ್ಟು ಅಂತ ಬೇರೆ ದುಡ್ಡು. ಐದನೆಯ ದಿನದ ಟಿಕೆಟ್ ಅಗ್ಗವಿರಬಹುದು, ಐದನೆಯ ದಿನ ಅಗ್ಗವಲ್ಲ.

ದುಡ್ಡು ಹಾಗಿರಲಿ. ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಬೆಳಗಿನ ಹೊತ್ತಿನ ಬಗ್ಗೆ. ಬಾಗಿಲು ತೆರೆದ ಮೊದಲ ಎರಡು ಗಂಟೆಯಲ್ಲಿ ಆಗುವಷ್ಟು ಆಟ ಮಧ್ಯಾಹ್ನವಿಡೀ ನಿಂತರೂ ಆಗುವುದಿಲ್ಲ. ಅದರಲ್ಲೂ ಇಲ್ಲಿನ ನಾಲ್ಕು ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಂ ಬಾಗಿಲು ಕಾರು ನಿಲ್ಲಿಸುವ ಜಾಗದಿಂದ ತುಂಬ ದೂರ. ಕಾರು ನಿಲ್ಲಿಸಿ, ತಪಾಸಣೆ ಮುಗಿಸಿ, ಕೆರೆ ದಾಟಲು ದೊಡ್ಡ ದೋಣಿಯನ್ನೋ ಮೋನೊರೈಲನ್ನೋ ಹತ್ತಿ ಬಾಗಿಲಿಗೆ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿರುತ್ತದೆ. ಮಕ್ಕಳಿಗೆ ಹಲ್ಲುಜ್ಜಿಸಿ, ಹಾಲು ಕುಡಿಸಿ, ಏಳಕ್ಕೆಲ್ಲ ಹೊರಡಿಸಬೇಕು. ಇದನ್ನು ಎರಡು ದಿನ ಬಿಡದೆ ಮಾಡಬಹುದು. ಮೂರನೆಯ ದಿನ ಯಾರೂ ಏಳುವುದಿಲ್ಲ. ಹನ್ನೊಂದಕ್ಕೆ ಹೋಗಿ ತಲುಪುತ್ತೀರಿ, ಬಿಸಿಲೂ ಜನವೂ ಎರಡೂ ಏರಿರುವ ಹೊತ್ತಿಗೆ. ಎಂಟು ದಿನ ಅಂದರೆ ಅಂಥ ಹನ್ನೊಂದು ಗಂಟೆಗಳೇ ಹೆಚ್ಚು. ಚುರುಕಾಗಿ ಕಳೆದ ನಾಲ್ಕು ಬೆಳಗು ಸಿಕ್ಕರೆ ನೋಡಬೇಕಾದದ್ದೆಲ್ಲ ನೋಡಿದ ಹಾಗೆಯೇ.

ಆಗಸ್ಟಿನ ಸೆಕೆ ನಿನಗೆ ಹೊಸದಲ್ಲ, ಆದರೆ ಮೈಸೂರಿನವರಾದ ಅಣ್ಣ ಅತ್ತಿಗೆಗೆ ಇದು ಮೇ ತಿಂಗಳಲ್ಲಿ ಮಂಗಳೂರಿನ ಬಂದರಿನಲ್ಲಿ ನಿಂತ ಹಾಗಿರುತ್ತದೆ. ಮಧ್ಯಾಹ್ನ ಮೂರರ ಸುಮಾರಿಗೆ ಹೆಚ್ಚುಕಡಿಮೆ ದಿನವೂ ಗುಡುಗು ಮಳೆ. ಸಿಡಿಲು ಹತ್ತಿರವಿದ್ದರೆ ಬಯಲಿನ ಆಟಗಳನ್ನೆಲ್ಲ ನಿಲ್ಲಿಸಿಬಿಡುತ್ತಾರೆ. ಪ್ಲಾಸ್ಟಿಕ್ ಮಳೆಕೋಟು ಹಾಕಿಕೊಂಡ ಜನ ಅಂಗಡಿಯ ಸೂರಿನ ಕೆಳಗೆ ಮೈಗೆ ಮೈ ತಾಗಿ ನಿಂತಿರುತ್ತಾರೆ, ಕೈಗಾಡಿಯಲ್ಲಿ ಮಲಗಿದ್ದ ಮಗು ಗುಡುಗಿಗೆ ಎದ್ದು ಅಳುತ್ತದೆ, ಮಳೆ ನಿಂತ ಮೇಲೆ ನೆಲದಿಂದ ಹಬೆ ಏಳುತ್ತದೆ. ಅದಕ್ಕೆ ಒಂದೂವರೆ ಗಂಟೆಗೆಲ್ಲ ರೂಮಿಗೆ ವಾಪಸ್ ಬಂದುಬಿಡು. ಮಕ್ಕಳು ಮಲಗಲಿ. ಇಷ್ಟವಿದ್ದರೆ ಸಂಜೆ ಮತ್ತೆ ಹೋದರಾಯಿತು.

ಹಾಗಂತ ಎರಡೇ ದಿನ ಸಾಕು ಅನ್ನುವವರ ಮಾತೂ ಕೇಳಬೇಡ. ಸೊಸೆಯ ಗೆಳತಿ ಎರಡು ದಿನದಲ್ಲಿ ಮುಗಿಸಿ ಬಂದಳು ಅಂದೆಯಲ್ಲ, ಅವಳು ನೋಡಿದ್ದು ಅನಾಹೈಮ್. ಅಲ್ಲಿ ಇರುವುದು ಎರಡು ಪಾರ್ಕ್, ಎದುರುಬದುರು. ಇಲ್ಲಿ ನಾಲ್ಕಿವೆ, ಒಂದರಿಂದ ಇನ್ನೊಂದಕ್ಕೆ ಹೆಚ್ಚಾಗಿ ಗಾಡಿಯಲ್ಲೇ ಹೋಗಬೇಕು. ಆದರೂ ನಾಲ್ಕಿದೆ ಅಂತ ನಾಲ್ಕನ್ನೂ ನೋಡಲೇಬೇಕು ಅಂತೇನಿಲ್ಲ. ಹಾಲಿವುಡ್ ಸ್ಟುಡಿಯೋಸನ್ನು ಈ ಸಲ ಬಿಡು. ದೊಡ್ಡವಳಿಗೆ ಹತ್ತು ಹನ್ನೆರಡಾಗಲಿ, ಅದರ ರುಚಿ ಆಗ ಗೊತ್ತಾಗುತ್ತದೆ. ಆ ದಿನವನ್ನು ಮ್ಯಾಜಿಕ್ ಕಿಂಗ್‌ಡಂಗೇ ಇನ್ನೊಮ್ಮೆ ಕೊಡು. ಮೊದಲ ದಿನ ಮಕ್ಕಳು ಬೆರಗಾಗಿ ಎಲ್ಲದರ ಹಿಂದೆಯೂ ಓಡುತ್ತಾರೆ. ಎರಡನೆಯ ಸಲ ತಮಗೇನು ಬೇಕು ಅಂತ ತಿಳಿದು ಕೈಹಿಡಿದು ಎಳೆದುಕೊಂಡು ಹೋಗುತ್ತಾರೆ. ಅವರ ಖುಷಿ ನೋಡಬೇಕಾದ್ದು ಆವತ್ತು.

ಟಿಕೆಟ್ ತೆಗೆಯುವ ಮುಂಚೆ ದೊಡ್ಡವಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆ. ಸೆವೆನ್ ಡ್ವಾರ್ಫ್ಸ್ ಗಣಿ ರೈಲಿಗೆ 38 ಇಂಚು, ಸ್ಪೇಸ್ ಮೌಂಟನ್‌ಗೆ 44 ಇಂಚು ಎತ್ತರ ಇದ್ದರೇ ಹತ್ತಲು ಬಿಡುವುದು. ಚಿಕ್ಕವನಿಗೆ ಅಕ್ಟೋಬರ್‌ಗೆ ಮೂರು ತುಂಬುವುದರಿಂದ ಈ ಸಲ ಅವನಿಗೆ ಟಿಕೆಟ್ಟೇ ಬೇಡ. ಅವನು ಹತ್ತಲಾಗದ ಆಟಕ್ಕೆ ನೀನೊಂದು ಸಲ ಸೊಸೆಯೊಂದು ಸಲ ಹೋಗಬಹುದು. ರೈಡರ್ ಸ್ವಿಚ್ ಅಂತ ಬಾಗಿಲಲ್ಲೇ ಕೇಳಿದರೆ ಎರಡನೆಯವರು ಮತ್ತೆ ಪೂರ್ತಿ ಸಾಲು ನಿಲ್ಲಬೇಕಾಗಿಲ್ಲ.

ಈಗ ಅಣ್ಣ ಅತ್ತಿಗೆಯ ವಿಷಯ. ಮಗ ದುಡ್ಡು ಕೊಟ್ಟಿದ್ದಾನೆ ಅಂತ ಅತ್ತಿಗೆ ಮಂಡಿ ನೋವು ನುಂಗಿಕೊಂಡು ನಡೆಯುತ್ತಾರೆ, ಬಾಯಿ ಬಿಟ್ಟು ಹೇಳುವವರಲ್ಲ. ನನಗೆ ಅವರ ಸ್ವಭಾವ ಚೆನ್ನಾಗಿ ಗೊತ್ತು. ನೀನೇ ತಿಳಿದು ನಡೆದುಕೊಳ್ಳಬೇಕು. ಭಾನುವಾರ ನೀವು ಆರ್ಲಾಂಡೋಗೆ ಬಂದಿಳಿದಾಗ ನಾನು ಬಂದು ಅವರಿಬ್ಬರನ್ನೂ ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಸೋಮವಾರ ನೀವು ಮಕ್ಕಳ ಜೊತೆ ಮ್ಯಾಜಿಕ್ ಕಿಂಗ್‌ಡಂ ನೋಡಿ. ಮಂಗಳವಾರ ಬೆಳಿಗ್ಗೆ ಅವರನ್ನು ಅನಿಮಲ್ ಕಿಂಗ್‌ಡಂಗೆ ತಂದುಬಿಡುತ್ತೇನೆ. ಅಲ್ಲಿ ತೆರೆದ ಲಾರಿಯಲ್ಲಿ ಕುಳಿತೇ ಜಿರಾಫೆ, ಆನೆ, ಸಿಂಹ ನೋಡಬಹುದು. ತಂಪು ಹೊತ್ತಿನಲ್ಲೇ ಅವು ಓಡಾಡುವುದು, ಅದಕ್ಕೆ ಮೊದಲು ಅಲ್ಲಿಗೇ ಹೋಗಿ. ಆಮೇಲೆ ಏಷ್ಯಾ ಭಾಗದಲ್ಲಿ ಆನಂದಪುರ ಅಂತ ಒಂದು ಊರನ್ನೇ ಕಟ್ಟಿದ್ದಾರೆ, ಪಾಳುಬಿದ್ದ ಅರಮನೆಯ ಗೋಡೆಯಾಚೆ ಹುಲಿಗಳು. ಅಣ್ಣ ಅಲ್ಲಿಂದ ಕದಲುವುದಿಲ್ಲ, ನೋಡುತ್ತಿರು.

ಬುಧವಾರ ಎಲ್ಲರಿಗೂ ರಜ. ಈಜುಕೊಳ, ನಿದ್ದೆ, ಬಟ್ಟೆ ಒಗೆಯುವುದು. ನಾಲ್ಕು ದಿನದ ಟಿಕೆಟ್ಟನ್ನು ಏಳು ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು, ಹಾಗಾಗಿ ಈ ದಿನ ಖಾಲಿ ಬಿಟ್ಟರೆ ನಷ್ಟವಿಲ್ಲ. ಚಂಡಮಾರುತದ ಕಾಲವೂ ಅದೇ. ಒಂದು ದಿನ ಮಳೆಗೆ ಹಾಳಾದರೆ ಇದೇ ಕೈಹಿಡಿಯುತ್ತದೆ. ಗುರುವಾರ ಎಪ್ಕಾಟ್ ಪಾರ್ಕ್. ಅಲ್ಲಿ ಕೆರೆಯ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ, ಒಂದು ಸುತ್ತು ಬಂದರೆ ಒಂದು ಮೈಲಿಗೂ ಹೆಚ್ಚು. ಅತ್ತಿಗೆ ಬೇಡವೆಂದರೂ ಬಾಗಿಲಲ್ಲೇ ಗಾಲಿಕುರ್ಚಿ ಬಾಡಿಗೆಗೆ ತಗೋ. ಶುಕ್ರವಾರ ಬೆಳಿಗ್ಗೆ ಅವರನ್ನು ನಾನು ವಾಪಸ್ ಕರೆದುಕೊಂಡು ಬರುತ್ತೇನೆ, ನೀವು ಬೇಗ ಎದ್ದು ಮಕ್ಕಳನ್ನು ಇನ್ನೊಮ್ಮೆ ಮ್ಯಾಜಿಕ್ ಕಿಂಗ್‌ಡಂಗೆ ಕರೆದುಕೊಂಡು ಹೋಗಿ ಬನ್ನಿ.

ಊಟದ ಚಿಂತೆ ಬೇಡ. ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ, ಗಾಜಿನ ಬಾಟಲಿ ಮಾತ್ರ ಕೂಡದು. ಮಂಗಳವಾರಕ್ಕೆ ಚಿತ್ರಾನ್ನ, ಚಪಾತಿ, ಚಟ್ನಿಪುಡಿ ನಾನೇ ಕಟ್ಟಿಕೊಂಡು ಬರುತ್ತೇನೆ. ಮಿಕ್ಕ ದಿನಕ್ಕೆ ಅಡುಗೆಮನೆ ಇರುವ ರೂಮು ಹುಡುಕು, ಪಕ್ಕದ ಊರಾದ ಕಿಸಿಮ್ಮಿ ಕಡೆ ಬೇಕಾದಷ್ಟಿವೆ.

ತಾರೀಖು ಆಗಸ್ಟಿನ ಕೊನೆಯ ಎರಡು ವಾರದಲ್ಲೇ ಗೊತ್ತುಮಾಡು. ಆ ಹೊತ್ತಿಗೆ ಇಲ್ಲಿನ ಶಾಲೆಗಳು ತೆರೆದಿರುತ್ತವೆ, ನಿಮ್ಮಲ್ಲಿ ಸೆಪ್ಟೆಂಬರ್‌ವರೆಗೆ ರಜೆ ಇರುತ್ತದೆ, ಜನ ಕಡಿಮೆ. ಎಂಟು ದಿನದ ರಜಕ್ಕೆ ಆಗಲೇ ಬರೆದುಕೊಟ್ಟಿದ್ದರೆ ಹಾಗೇ ಇರಲಿ, ಉಳಿದ ದಿನ ಎಲ್ಲರೂ ಇಲ್ಲಿಗೇ ಬನ್ನಿ. ವಾಪಸ್ ಹೋಗುವ ವಿಮಾನ ಟ್ಯಾಂಪಾದಿಂದಲೇ ಬುಕ್ ಮಾಡು. ಟಿಕೆಟ್ಟಿಗೆ ದುಡ್ಡು ಕಟ್ಟುವ ಮುಂಚೆ ಒಂದು ಸಲ ಅತ್ತಿಗೆಯ ಹತ್ತಿರ ಬೇರೆಯಾಗಿ ಮಾತಾಡಿ ಮಂಡಿ ನೋವು ಈಗ ಹೇಗಿದೆ ಅಂತ ಕೇಳು. ಅಣ್ಣನನ್ನು ಕೇಳಿದರೆ ಎಲ್ಲ ಚೆನ್ನಾಗಿದೆ ಅಂದುಬಿಡುತ್ತಾನೆ.

ಸೊಸೆಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು.

ಇಂತಿ,
ನಿನ್ನ ಅತ್ತೆ