ಮಲೇರಿಯಾ ಬಂದುಹೋದರೆ ಮಗು ಗಟ್ಟಿಯಾಗುತ್ತದೆಯೇ?

ಚಿ. ಸೌ. ಸುಧಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಒಂದೆರಡು ಸಲ ಮಲೇರಿಯಾ ಬಂದುಹೋದರೆ ಮಗುವಿನ ಮೈ ತಾನೇ ಗಟ್ಟಿಯಾಗುತ್ತದಂತೆ, ಔಷಧಿಗೆ ಅವಸರ ಬೇಡವಂತೆ ಎಂದು ಬರೆದಿದ್ದೀಯ. ಆ ಮಾತಿನಲ್ಲಿ ಅರ್ಧ ನಿಜವಿದೆ, ಅದಕ್ಕೇ ಅಪಾಯ.

ಸೊಳ್ಳೆಯಿಂದ ಬಂದ ರೋಗಾಣು ಮೊದಲು ಲಿವರ್ ಸೇರಿ ಸುಮಾರು ಒಂದು ವಾರ ಸದ್ದಿಲ್ಲದೆ ಮರಿ ಹಾಕುತ್ತದೆ. ಆಗ ಜ್ವರವೂ ಇರುವುದಿಲ್ಲ. ಅಲ್ಲಿ ಟಿ ಕಣಗಳು (ರೋಗಾಣು ಹೊಕ್ಕ ಕಣಗಳನ್ನು ಹುಡುಕಿ ಕೊಲ್ಲುವ ಬಿಳಿ ರಕ್ತಕಣಗಳು) ಅದನ್ನು ಕೊಲ್ಲಬಲ್ಲವು. ಆದರೆ ಅದು ಕೆಂಪು ರಕ್ತಕಣಕ್ಕೆ ನುಗ್ಗಿತೆಂದರೆ ಟಿ ಕಣ ಕುರುಡು: ಒಳಗೆ ಕಳ್ಳನಿದ್ದಾನೆಂದು ತೋರಿಸುವ ಗುರುತು ಕೆಂಪು ಕಣದ ಮೈಮೇಲೆ ಇರುವುದಿಲ್ಲ. ಅಲ್ಲಿಂದ ಮುಂದೆ ಹೋರಾಟದ ಭಾರವೆಲ್ಲ ಹೆಚ್ಚಾಗಿ ಪ್ರತಿಕಾಯ (ರೋಗಾಣುವಿಗೆ ಅಂಟಿ ಅದನ್ನು ತಡೆಯಲು ದೇಹ ತಯಾರಿಸುವ ಪ್ರೋಟೀನು, ಆಂಟಿಬಾಡಿ) ಮತ್ತು ಗುಲ್ಮದ (ಸ್ಪ್ಲೀನ್) ಮೇಲೆ.

ಗುಲ್ಮ ಜರಡಿಯಿದ್ದಂತೆ, ಗಡುಸಾದ ಕಣಗಳನ್ನು ಸೋಸಿ ಹಿಡಿಯುತ್ತದೆ. (ಪದೇಪದೇ ಮಲೇರಿಯಾ ಬಂದ ಮಗುವಿನ ಎಡ ಪಕ್ಕೆಯ ಕೆಳಗೆ ಗಡ್ಡೆಯಂತೆ ಕೈಗೆ ಸಿಗುವುದು ಇದೇ.) ಆ ಜರಡಿಗೆ ಬೀಳದಿರಲೆಂದು ಫಾಲ್ಸಿಪಾರಂ ಎಂಬ, ಮಲೇರಿಯಾದ ಅತಿ ಅಪಾಯಕಾರಿ ಜಾತಿಯ ರೋಗಾಣು, ತಾನಿರುವ ಕಣದ ಮೇಲೆ ಅಂಟು ಪ್ರೋಟೀನು ಮೂಡಿಸಿ ರಕ್ತನಾಳದ ಗೋಡೆಗೆ ಮೆತ್ತಿಕೊಳ್ಳುತ್ತದೆ. ಮಿದುಳಿನ ನಾಳಗಳಲ್ಲಿ ಹೀಗಾದರೆ ಫಿಟ್ಸ್ ಬರುತ್ತದೆ, ಪ್ರಜ್ಞೆ ತಪ್ಪುತ್ತದೆ. ಮಗುವಿನ ದೇಹ ಆ ಪ್ರೋಟೀನಿಗೆ ಪ್ರತಿಕಾಯ ತಯಾರಿಸುವಷ್ಟರಲ್ಲಿ ರೋಗಾಣು ಅಂಗಿ ಬದಲಿಸಿರುತ್ತದೆ. ಅದರ ಬಳಿ ಸುಮಾರು 60 ಅಂಗಿಗಳಿವೆ! ಒಂದೆರಡು ಜ್ವರಕ್ಕೆ ಇವೆಲ್ಲ ಪರಿಚಯವಾಗುವುದಿಲ್ಲ, ವರ್ಷಗಳೇ ಬೇಕು.

ಪ್ರತಿಕಾಯದ ಬಲವೇನೂ ಸುಳ್ಳಲ್ಲ. 1961ರಲ್ಲಿ ಗ್ಯಾಂಬಿಯಾದಲ್ಲಿ ರೋಗನಿರೋಧಕ ಶಕ್ತಿ ಬಂದಿದ್ದ ದೊಡ್ಡವರ ಪ್ರತಿಕಾಯ ಕೊಟ್ಟಾಗ ಮಕ್ಕಳ ರಕ್ತದಲ್ಲಿ ರೋಗಾಣು ಇಳಿಯಿತು. ಆದರೆ ತಾಯಿಯಿಂದ ಬಂದದ್ದು ಮೊದಲ ಆರು ತಿಂಗಳ ಹೊತ್ತಿಗೆ ಕರಗುತ್ತದೆ, ಸ್ವಂತದ್ದು ಕೂಡಿರುವುದಿಲ್ಲ. ಐದು ವರ್ಷದೊಳಗಿನ ಮಕ್ಕಳೇ ಹೆಚ್ಚು ಸಾಯುವುದು ಈ ನಡುವಿನ ಕಾಲದಲ್ಲಿ. ಸಾಲದ್ದಕ್ಕೆ, ರಕ್ಷಣಾ ಕಣಗಳು ಸುರಿಸುವ ರಾಸಾಯನಿಕಗಳು ಮಿತಿಮೀರಿದರೆ ಏಟು ಮಗುವಿಗೇ; ಹೊಸ ರಕ್ತ ಹುಟ್ಟುವುದೂ ಕುಂಠಿತ.

ಹಾಗಾಗಿ ಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸು. ಇಲ್ಲವೆಂದು ಬಂದರೂ ಜ್ವರ ಬಿಡದಿದ್ದರೆ ಮತ್ತೆ ಮಾಡಿಸು. ಆರ್ಟಿಮೆಥರ್-ಲ್ಯೂಮೆಫಾಂಟ್ರಿನ್ ಎಂಬ ಮಲೇರಿಯಾ ಮಾತ್ರೆ ಬರೆದುಕೊಟ್ಟರೆ ಮೂರು ದಿನಕ್ಕೆ ಆರು ಡೋಸು, ತೂಕದ ಲೆಕ್ಕ. ಎರಡನೆಯದು ಮೊದಲಿನದು ಕೊಟ್ಟ ಎಂಟು ಗಂಟೆಗಳ ನಂತರ. ಹಾಲಿನಂಥ ಜಿಡ್ಡಿನೊಂದಿಗೆ ಕೊಡು, ಇಲ್ಲವಾದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಗಂಟೆಯೊಳಗೆ ವಾಂತಿಯಾದರೆ ಆ ಡೋಸು ಮತ್ತೆ ಕೊಡಬೇಕು. ಹಾಲು ಕುಡಿಯದಿದ್ದರೆ, ತೂಕಡಿಸುತ್ತಲೇ ಇದ್ದರೆ, ಅಂಗೈ ಬಿಳಿಚಿದರೆ, ಉಸಿರು ಜೋರಾದರೆ, ಫಿಟ್ಸ್ ಬಂದರೆ ಮಾತ್ರೆ ನಂಬಿ ಕೂರಬೇಡ, ಆಸ್ಪತ್ರೆಗೆ ಓಡು.

ಎರಡನೆಯ ದಿನಕ್ಕೇ ಜ್ವರ ಬಿಡಬಹುದು. ಉಳಿದ ಮಾತ್ರೆ ಎತ್ತಿಡಬೇಡ, ರಕ್ತದಲ್ಲಿ ರೋಗಾಣು ಇನ್ನೂ ಇರುತ್ತದೆ.

ಇಂತಿ,
ನಿನ್ನ ದೊಡ್ಡಮ್ಮ