ದಾವೆ ಮೇಲಿನ ನ್ಯಾಯಾಲಯಕ್ಕೆ ಹೋದರೆ ಸಾಕ್ಷ್ಯವೂ ಜೊತೆಗೆ ಹೋಗಲಿ

ಮಾನ್ಯ ಸಂಪಾದಕರೇ,

ಸಿವಿಲ್ ದಾವೆಯೊಂದು ವಿಚಾರಣೆಯ ನಡುವೆ ಕೆಳಗಿನ ನ್ಯಾಯಾಲಯದಿಂದ ಮೇಲಿನದಕ್ಕೆ ಹೋಗಬೇಕಾಗಿ ಬಂದಾಗ, ಅದು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದರ ಮೇಲೆ ಕಕ್ಷಿದಾರರ ಹಲವು ವರ್ಷಗಳ ಶ್ರಮ ಉಳಿಯುವುದೋ ವ್ಯರ್ಥವಾಗುವುದೋ ನಿರ್ಧಾರವಾಗುತ್ತದೆ. ವಕೀಲರಿಗೆ ಇದು ತಿಳಿದ ವಿಷಯವೇ ಆದರೂ ನಮ್ಮಂಥವರಿಗೆ ಗೊತ್ತಾಗುವಷ್ಟರಲ್ಲಿ ಆದೇಶ ಹೊರಬಿದ್ದಿರುತ್ತದೆ.

ನಮ್ಮ ಕುಟುಂಬದ ಪಾಲುವಿಭಾಗದ ದಾವೆಯನ್ನು ಸಿವಿಲ್ ನ್ಯಾಯಾಧೀಶರ ಮುಂದೆ ಹೂಡಿದ್ದೆವು. ವಿವಾದಾಂಶಗಳು ರಚನೆಯಾಗಿ, ನಮ್ಮ ಸಾಕ್ಷಿಯಾಗಿದ್ದ ವೃದ್ಧ ಸೋದರತ್ತೆ ಎರಡು ದಿನ ಪಾಟೀಸವಾಲು ಎದುರಿಸಿ ಮುಗಿಸಿದ ಮೇಲೆ, ಬಿಟ್ಟುಹೋಗಿದ್ದ ಒಂದು ಜಮೀನನ್ನು ದಾವೆಯ ಆಸ್ತಿಪಟ್ಟಿಯಾದ ಷೆಡ್ಯೂಲಿಗೆ ಸೇರಿಸಲು ತಿದ್ದುಪಡಿ ಅರ್ಜಿ ಹಾಕಬೇಕಾಯಿತು. ಜಮೀನು ಸೇರಿದೊಡನೆ ದಾವೆಯ ಮೌಲ್ಯ ಆ ನ್ಯಾಯಾಲಯ ವಿಚಾರಿಸಬಹುದಾದ ಮೊತ್ತದ ಮಿತಿಯನ್ನು ದಾಟಿತು. ಆಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 10ನೇ ನಿಯಮದಂತೆ ದಾವಾಪತ್ರವನ್ನು, ಅಂದರೆ ದಾವೆ ಹೂಡಲು ನಾವು ಸಲ್ಲಿಸಿದ್ದ ಮೂಲ ಅರ್ಜಿಯನ್ನು, ನಮಗೆ ಹಿಂದಿರುಗಿಸಲಾಯಿತು. ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ಅದನ್ನು ಸಲ್ಲಿಸಿದಾಗ ಹೊಸ ನಂಬರು ಬಿತ್ತು, ಎಲ್ಲವೂ ಮೊದಲಿನಿಂದ ಶುರುವಾಯಿತು. ಮೊದಲ ಸಲ ತಡವರಿಸದೆ ಹೇಳಿದ್ದ ಇಸವಿಗಳು, ಸರ್ವೆ ನಂಬರುಗಳು ಎರಡನೇ ಸಲ ಸೋದರತ್ತೆಯ ನೆನಪಿಗೆ ಬರಲಿಲ್ಲ. ಅವರ ಮರೆವನ್ನೇ ಸುಳ್ಳೆಂದು ವಾದಿಸಲಾಯಿತು. ಆ ದಿನ ಮನೆಗೆ ಬಂದ ಅವರು ಯಾರೊಡನೆಯೂ ಮಾತನಾಡಲಿಲ್ಲ.

ಇದರಲ್ಲಿ ನ್ಯಾಯಾಧೀಶರ ತಪ್ಪೇನೂ ಇಲ್ಲ. ಹಿಂದಿರುಗಿಸಿದ ದಾವಾಪತ್ರವನ್ನು ಸರಿಯಾದ ನ್ಯಾಯಾಲಯಕ್ಕೆ ಸಲ್ಲಿಸಿದಾಗ ವಿಚಾರಣೆ ಹೊಸದಾಗಿಯೇ ನಡೆಯಬೇಕೆಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರಲ್ಲಿ ಸ್ಪಷ್ಟಪಡಿಸಿದೆ. 1976ರಲ್ಲಿ ಸೇರಿಸಿದ 10ಎ ನಿಯಮದಂತೆ ವಾದಿ ಕೇಳಿಕೊಂಡರೆ ಹೊಸ ನ್ಯಾಯಾಲಯದಲ್ಲಿ ಹಾಜರಾಗುವ ದಿನಾಂಕವನ್ನು ಹಳೆಯ ನ್ಯಾಯಾಲಯವೇ ಗೊತ್ತುಮಾಡಬೇಕು. ಅದರಿಂದ ಸಮನ್ಸಿನ ಅಲೆದಾಟ ತಪ್ಪುತ್ತದೆಯೇ ಹೊರತು ದಾಖಲಾದ ಸಾಕ್ಷ್ಯ ಉಳಿಯುವುದಿಲ್ಲ. ಕಳೆದುಹೋದ ಅವಧಿಯನ್ನು ಕಾಲಮಿತಿ ಅಧಿನಿಯಮದ 14ನೇ ಕಲಮಿನಡಿ ದಾವೆ ಹೂಡುವ ಗಡುವಿನ ಲೆಕ್ಕದಿಂದ ಬಿಡಿಸಿಕೊಳ್ಳಲು ಅವಕಾಶವಿದೆಯಾದರೂ, ಸದುದ್ದೇಶದಿಂದ ಮತ್ತು ಜಾಗರೂಕತೆಯಿಂದ ದಾವೆ ನಡೆಸಿದ್ದೇವೆಂದು ತೋರಿಸುವ ಹೊರೆ ವಾದಿಯ ಮೇಲೆಯೇ ಬೀಳುತ್ತದೆ.

ಆದರೆ ಅದೇ ಸಂಹಿತೆಯಲ್ಲಿ ಇನ್ನೊಂದು ದಾರಿಯಿದೆ. 24ನೇ ಕಲಮು ಹೈಕೋರ್ಟಿಗೂ ಜಿಲ್ಲಾ ನ್ಯಾಯಾಲಯಕ್ಕೂ ತಮ್ಮ ಅಧೀನದ ನ್ಯಾಯಾಲಯದಲ್ಲಿರುವ ದಾವೆಯನ್ನು ಹಿಂತೆಗೆದುಕೊಂಡು ತಾವೇ ವಿಚಾರಿಸುವ ಅಥವಾ ಬೇರೊಂದು ಸಮರ್ಥ ನ್ಯಾಯಾಲಯಕ್ಕೆ ವರ್ಗಾಯಿಸುವ ಅಧಿಕಾರ ಕೊಟ್ಟಿದೆ. ಕಕ್ಷಿದಾರರು ಅರ್ಜಿ ಹಾಕಿದರೆ ಎದುರಾಳಿಗೆ ನೋಟಿಸು ಕೊಟ್ಟು, ಇಲ್ಲದಿದ್ದರೆ ನೋಟಿಸಿಲ್ಲದೆ ಸ್ವಯಂಪ್ರೇರಿತವಾಗಿ ಆ ಅಧಿಕಾರವನ್ನು ಚಲಾಯಿಸಬಹುದು. ವಿಚಾರಣೆಯ ಅಧಿಕಾರವೇ ಇಲ್ಲದ ನ್ಯಾಯಾಲಯದಿಂದಲೂ ದಾವೆಯನ್ನು ವರ್ಗಾಯಿಸಬಹುದೆಂದು ಅದರ 5ನೇ ಉಪಕಲಮು ಹೇಳುತ್ತದೆ. ನಮಗೆ ಮುಖ್ಯವಾದದ್ದು 2ನೇ ಉಪಕಲಮು: ಹೀಗೆ ವರ್ಗವಾದ ದಾವೆಯನ್ನು ಹೊಸ ನ್ಯಾಯಾಲಯ ಪುನಃ ವಿಚಾರಿಸಬಹುದು ಅಥವಾ ಅದು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸಬಹುದು. ಅದೇ ಜಮೀನು, ಅದೇ ಮೌಲ್ಯ, ಅದೇ ಸಾಕ್ಷಿಗಳಿದ್ದರೂ ಹಿಂದಿರುಗಿಸಿದರೆ ಶೂನ್ಯದಿಂದ ಆರಂಭ, ವರ್ಗಾಯಿಸಿದರೆ ನಿಂತಲ್ಲಿಂದ ಮುಂದಕ್ಕೆ.

ನ್ಯಾಯಾಲಯಗಳ ಮೌಲ್ಯಮಿತಿಯನ್ನು ಕಾನೂನೇ ಬದಲಿಸಿದಾಗ ಇಂಥ ಕಷ್ಟವನ್ನು ಶಾಸಕಾಂಗ ಮೊದಲೇ ಯೋಚಿಸುತ್ತದೆ. 2015ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ನೇರವಾಗಿ ಹೂಡುವ ಮೂಲ ದಾವೆಗಳ ಮೌಲ್ಯಮಿತಿಯನ್ನು 20 ಲಕ್ಷ ರೂಪಾಯಿಯಿಂದ 2 ಕೋಟಿಗೆ ಏರಿಸಿದಾಗ, ಬಾಕಿಯಿದ್ದ ದಾವೆಗಳನ್ನು ಕೆಳಗಿನ ನ್ಯಾಯಾಲಯಗಳಿಗೆ ವರ್ಗಾಯಿಸುವ ಅಧಿಕಾರವನ್ನು ಆ ತಿದ್ದುಪಡಿ ಕಾಯ್ದೆಯಲ್ಲಿಯೇ ಮುಖ್ಯ ನ್ಯಾಯಮೂರ್ತಿಗಳಿಗೆ ಕೊಡಲಾಯಿತು. ಅದೇ ವರ್ಷದ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 15ನೇ ಕಲಮು ಬಾಕಿ ದಾವೆಗಳ ವರ್ಗಾವಣೆಗೆ ವ್ಯವಸ್ಥೆ ಮಾಡಿದೆ, ತೀರ್ಪಿಗೆ ಕಾದಿರಿಸಿದ ದಾವೆಗಳನ್ನು ಕದಲಿಸಬಾರದೆಂದೂ ಹೇಳಿದೆ. ಸಾವಿರಾರು ಕಡತಗಳು ಒಟ್ಟಿಗೆ ಹೋಗುವಾಗ ತೋರುವ ಈ ವಿವೇಚನೆ ಒಂದೊಂದೇ ದಾವೆ ಹೋಗುವಾಗಲೂ ಬೇಕು.

ಆದ್ದರಿಂದ ಮಾನ್ಯ ಹೈಕೋರ್ಟಿನಲ್ಲಿ ನನ್ನ ಬಿನ್ನಹವಿಷ್ಟು. ಸಾಕ್ಷ್ಯ ಆರಂಭವಾದ ನಂತರ ಮೌಲ್ಯದ ಕಾರಣಕ್ಕೆ ಮಾತ್ರ ದಾವೆ ಆ ನ್ಯಾಯಾಲಯದ ವ್ಯಾಪ್ತಿ ಮೀರಿದರೆ, ದಾವಾಪತ್ರವನ್ನು ಹಿಂದಿರುಗಿಸುವ ಮೊದಲು ಆ ನ್ಯಾಯಾಲಯ ಜಿಲ್ಲಾ ನ್ಯಾಯಾಧೀಶರಿಗೆ ವರದಿ ಮಾಡುವಂತೆ ಸುತ್ತೋಲೆ ಹೊರಡಿಸಬೇಕು. ಜಿಲ್ಲಾ ನ್ಯಾಯಾಲಯ 24ನೇ ಕಲಮಿನಡಿ ವರ್ಗಾಯಿಸಿದರೆ, ಯಾವ ಹಂತದಿಂದ ವಿಚಾರಣೆ ಮುಂದುವರಿಯಬೇಕು, ಮುಂದಿನ ವಾಯಿದೆ ಯಾವಾಗ ಎಂಬುದು ಆದೇಶದಲ್ಲಿಯೇ ಇರಬೇಕು. ಕಾಲಹರಣಕ್ಕಾಗಿ ವರ್ಗಾವಣೆ ಕೇಳುವವರೂ ಇರುವುದು ನಿಜ. ಆದರೆ ಇಲ್ಲಿ ವರದಿ ಹೋಗುವುದು ನ್ಯಾಯಾಲಯದಿಂದಲೇ ಆದ್ದರಿಂದ ಅಂಥವರಿಗೆ ಇದರಿಂದ ಹೊಸ ಆಸರೆಯೇನೂ ಸಿಗುವುದಿಲ್ಲ.

ಅಲ್ಲಿಯವರೆಗೆ ಇತರ ಕಕ್ಷಿದಾರರಿಗೆ ಒಂದು ಮಾತು. ಪ್ರತಿವಾದಿ ಹಾಜರಾದ ಮೇಲೆ ದಾವಾಪತ್ರವನ್ನು ಹಿಂದಿರುಗಿಸುವ ಮುನ್ನ ನ್ಯಾಯಾಲಯ ತನ್ನ ತೀರ್ಮಾನವನ್ನು ವಾದಿಗೆ ತಿಳಿಸಲೇಬೇಕೆಂದು 10ಎ ನಿಯಮ ಹೇಳುತ್ತದೆ. ಜಿಲ್ಲಾ ನ್ಯಾಯಾಲಯದಲ್ಲಿ ವರ್ಗಾವಣೆಯ ಅರ್ಜಿ ಹಾಕುವ ಬಗ್ಗೆ ನಿಮ್ಮ ವಕೀಲರನ್ನು ಕೇಳಲು ಸಿಗುವ ಸಮಯ ಅದೇ. ನಾವು ಅದನ್ನು ಕೇಳಲಿಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಕ್ಷಿದಾರ