ಯಂತ್ರದ ಮೌನವನ್ನು ರೋಗಿಯ ಮೌನವೆಂದು ಬಗೆಯಬಾರದು

ಸಂಪಾದಕರಿಗೆ,

ಮಾನ್ಯರೇ,

ಮಿದುಳಿಗೆ ಚಿಪ್ ಅಳವಡಿಸಿಕೊಂಡವರು ಬರೀ ಯೋಚನೆಯಿಂದ ಕಂಪ್ಯೂಟರ್ ನಡೆಸಿದ ಸುದ್ದಿ ಪ್ರಕಟವಾದಾಗಲೆಲ್ಲ ನನಗೆ ಒಂದೆರಡು ಫೋನ್ ಕರೆಗಳು ಬರುವುದುಂಟು. ನಾನು ಮಿದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯ ತಂತ್ರಜ್ಞನಾಗಿ ಮೂರು ದಶಕ ದುಡಿದು ನಿವೃತ್ತನಾದವನು. ತಲೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಮಾತಿಲ್ಲದೆ ಮಲಗಿರುವವರ ಮನೆಯವರು ಹಳೆಯ ಪರಿಚಯದ ಮೇಲೆ ಕರೆ ಮಾಡಿ, "ನಮ್ಮವರಿಗೂ ಅದನ್ನು ಹಾಕಿಸಿದರೆ ಮಾತಾಡಿಸಬಹುದೇ?" ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಸಲಾಗದ ಆ ಉತ್ತರವನ್ನು ಇಲ್ಲಿ ಬರೆಯುತ್ತಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಘನತೆಯ ಸಾವಿನ ಹಕ್ಕಿನ ಬಗ್ಗೆ, ಅಂದರೆ ಗುಣವಾಗದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಬಗ್ಗೆ, ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದ ಮೇಲೆ, ಇಂಥ ರೋಗಿಗಳಿಗೆ ಅರಿವಿದೆಯೇ ಇಲ್ಲವೇ ಎಂಬ ತೀರ್ಮಾನದ ತೂಕ ಮೊದಲಿನಂತೆ ಉಳಿದಿಲ್ಲ.

ಚಿಪ್ ಹಾಕಿಸಿಕೊಂಡವರ ಪ್ರಜ್ಞೆಯ ಬಗ್ಗೆ ಯಾರಿಗೂ ಅನುಮಾನವಿಲ್ಲ. ಅವರಲ್ಲಿ ಸೋತದ್ದು ಕೈಕಾಲು, ಕೆಲವರಲ್ಲಿ ಮಾತು. ಫೋನ್ ಮಾಡುವವರ ಮನೆಯ ರೋಗಿಯ ಕಥೆ ಬೇರೆ. ಕೋಮಾದಲ್ಲಿ ಕಣ್ಣು ತೆರೆಯುವುದೇ ಇಲ್ಲ. ಅದನ್ನು ದಾಟಿದ ಕೆಲವರು ಕಣ್ಣು ತೆರೆಯುತ್ತಾರೆ, ನಿದ್ದೆ ಮಾಡುತ್ತಾರೆ, ಏಳುತ್ತಾರೆ, ಆದರೆ ತಮ್ಮ ಅಥವಾ ಸುತ್ತಲಿನವರ ಅರಿವಿರುವ ಗುರುತು ಕಾಣುವುದಿಲ್ಲ. ವೈದ್ಯರು ಇದನ್ನು ವೆಜಿಟೇಟಿವ್ ಸ್ಥಿತಿ ಎನ್ನುತ್ತಾರೆ. ಇನ್ನು ಕೆಲವರಲ್ಲಿ ಅರಿವಿನ ಗುರುತು ಬೆಳಿಗ್ಗೆ ಕಂಡದ್ದು ಸಂಜೆಗೆ ಕಾಣದಂತೆ ಬಂದು ಹೋಗುತ್ತಿರುತ್ತದೆ. ಇಂಥವರ ವಿಷಯದಲ್ಲಿ ಯಂತ್ರ ಮೊದಲು ಕೇಳಬೇಕಾದದ್ದು "ನಿಮಗೇನು ಬೇಕು" ಎಂದಲ್ಲ, "ಒಳಗೆ ಕೇಳಿಸಿಕೊಳ್ಳುವವರು ಇದ್ದೀರಾ" ಎಂದು.

ಆ ಪ್ರಶ್ನೆಗೆ ಉತ್ತರ ಸಿಕ್ಕಬಹುದೆಂದು ತೋರಿಸಿದವರು ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿದ್ದ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು. ರಸ್ತೆ ಅಪಘಾತದ ನಂತರ ವೆಜಿಟೇಟಿವ್ ಸ್ಥಿತಿಯಲ್ಲಿದ್ದಾರೆಂದು ನಿರ್ಣಯವಾಗಿದ್ದ 23 ವರ್ಷದ ಮಹಿಳೆಯನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಒಮ್ಮೆ, ತಮ್ಮ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆ ಇನ್ನೊಮ್ಮೆ ಕಲ್ಪಿಸಿಕೊಳ್ಳಲು ಹೇಳಿದಾಗ, ಆರೋಗ್ಯವಂತರಲ್ಲಿ ಚುರುಕಾಗುವ ಮಿದುಳಿನ ಭಾಗಗಳೇ ಆಕೆಯಲ್ಲೂ ಚುರುಕಾದವು. ಇದು ಪ್ರಕಟವಾದದ್ದು 2006ರಲ್ಲಿ. 2010ರಲ್ಲಿ ಕೇಂಬ್ರಿಜ್ ಮತ್ತು ಬೆಲ್ಜಿಯಂನ ಲೀಜ್ ನಗರಗಳ ತಂಡಗಳು 54 ರೋಗಿಗಳನ್ನು ಪರೀಕ್ಷಿಸಿ, ಐವರು ಹೀಗೆ ಹೇಳಿದ ಮಾತನ್ನು ಮನಸ್ಸಿನಲ್ಲೇ ನಡೆಸಿಕೊಡಬಲ್ಲರೆಂದು ಕಂಡುಕೊಂಡವು. ಅವರಲ್ಲೊಬ್ಬ ಯುವಕ ಒಂದು ಕಲ್ಪನೆಯನ್ನು ‘ಹೌದು’ ಎಂದೂ ಇನ್ನೊಂದನ್ನು ‘ಇಲ್ಲ’ ಎಂದೂ ಬಳಸಿ, ತಂದೆಯ ಹೆಸರಿನಂತಹ ಆರು ಪ್ರಶ್ನೆಗಳಲ್ಲಿ ಐದಕ್ಕೆ ಸರಿಯುತ್ತರ ಕೊಟ್ಟ. ಆರನೆಯದಕ್ಕೆ ಹೌದೂ ಕಾಣಲಿಲ್ಲ, ಇಲ್ಲವೂ ಕಾಣಲಿಲ್ಲ. ಆ ಹೊತ್ತಿಗೆ ನಿದ್ದೆ ಬಂದಿತ್ತೋ, ಪ್ರಶ್ನೆ ಕೇಳಿಸಲಿಲ್ಲವೋ, ಉತ್ತರಿಸಲು ಮನಸ್ಸಿರಲಿಲ್ಲವೋ ಎಂದು ತಿಳಿಯುವ ಉಪಾಯ ಇರಲಿಲ್ಲ. ಈ ವಿದ್ಯೆಯ ತೊಡಕೆಲ್ಲ ಆ ಆರನೆಯ ಪ್ರಶ್ನೆಯಲ್ಲೇ ಇದೆ ಎಂದು ನನಗೆ ಅನಿಸಿದೆ.

ಆರು ಸಂಶೋಧನಾ ಕೇಂದ್ರಗಳು ಒಟ್ಟಾಗಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಗಳಲ್ಲಿ ಹೇಳಿದೆ. ಹಾಸಿಗೆಯ ಬಳಿ ನಿಂತು ಹೇಳಿದ ಯಾವ ಮಾತಿಗೂ ಸ್ಪಂದಿಸದ 241 ಮಂದಿಯಲ್ಲಿ 60 ಮಂದಿ, ಅಂದರೆ ಶೇ 25ರಷ್ಟು ಜನ, ಎಂಆರ್‌ಐ ಅಥವಾ ಇಇಜಿಯಲ್ಲಿ ಸ್ಪಂದಿಸಿದರು. ಪತ್ರಿಕೆಗಳು ಎತ್ತಿ ಹೇಳಿದ್ದು ಈ ಅಂಕಿಯನ್ನು. ಅದೇ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಕಣ್ಣೆದುರೇ ಸ್ಪಂದಿಸುತ್ತಿದ್ದ 112 ಮಂದಿ ಬೇರೆ ಇದ್ದರು. ಅವರ ಪೈಕಿ ಯಂತ್ರಕ್ಕೆ ಸಿಕ್ಕಿದವರು 43 ಮಂದಿ ಮಾತ್ರ. ಅರಿವು ಇದೆಯೆಂದು ಎಲ್ಲರಿಗೂ ಕಾಣುತ್ತಿದ್ದ 69 ಜನರನ್ನು ಯಂತ್ರ ಗುರುತಿಸದೆ ಬಿಟ್ಟಿತು. ಇವರೆಲ್ಲ ವಿಶೇಷ ಕೇಂದ್ರಗಳಿಗೆ ಬಂದ ರೋಗಿಗಳಾದ್ದರಿಂದ, ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ನಾಲ್ವರಲ್ಲಿ ಒಬ್ಬರು ಹೀಗಿದ್ದಾರೆಂದು ಲೆಕ್ಕ ಹಾಕುವುದು ತಪ್ಪಾದೀತು. ಯಂತ್ರ ‘ಇದೆ’ ಎಂದರೆ ನಂಬಲು ಆಧಾರವುಂಟು, ‘ಕಾಣಲಿಲ್ಲ’ ಎಂದರೆ ಅದು ಕಾಣಲಿಲ್ಲವೆಂದಷ್ಟೇ ಅರ್ಥ ಎಂಬುದು ಮಾತ್ರ ಎಲ್ಲಿಗೂ ಸಲ್ಲುವ ಮಾತು.

ಇದು ನನಗೆ ಅಚ್ಚರಿ ತರಲಿಲ್ಲ. ನೆತ್ತಿಗೆ ಅಂಟಿಸಿದ ಎಲೆಕ್ಟ್ರೋಡ್‌ಗಳಿಗೆ ಸಿಗುವುದು ವೋಲ್ಟಿನ ಲಕ್ಷಾಂತರದಲ್ಲೊಂದು ಪಾಲಿನ ಅಳತೆಯ ಸಂಕೇತ. ರೋಗಿ ಹಲ್ಲು ಕಡಿದರೂ, ಬೆವರಿದರೂ, ಪಕ್ಕದ ವೆಂಟಿಲೇಟರ್‌ನ ವಿದ್ಯುತ್ ಅಡ್ಡ ಬಂದರೂ ಅದು ಕಲಸಿಹೋಗುತ್ತದೆ. ಅಪಸ್ಮಾರಕ್ಕೋ ನಿದ್ದೆಗೋ ಕೊಟ್ಟ ಔಷಧದ ಪ್ರಭಾವ ಬೇರೆ. ಬಲಗೈ ಮುಷ್ಟಿ ಬಿಗಿಹಿಡಿದಂತೆ ಕಲ್ಪಿಸಿಕೊಳ್ಳಿ ಎಂದು ಹೇಳಿ ಇಇಜಿ ತೆಗೆದ 2011ರ ಪ್ರಯೋಗದಲ್ಲಿ 12 ಮಂದಿ ಆರೋಗ್ಯವಂತರ ಪೈಕಿ ಮೂವರ ಸ್ಪಂದನೆಯನ್ನು ಯಂತ್ರ ಗುರುತಿಸಲಿಲ್ಲ. ಅದೇ ಪ್ರಯೋಗದಲ್ಲಿ 16 ರೋಗಿಗಳ ಪೈಕಿ ಮೂವರು ಸ್ಪಂದಿಸಿದರೆಂಬ ಲೆಕ್ಕವನ್ನು ಬೇರೆ ತಜ್ಞರು ಮುಂದೆ ಪ್ರಶ್ನಿಸಿದ್ದೂ ಉಂಟು.

ಯಂತ್ರಕ್ಕಿಂತ ಮೊದಲು ನಾವು ಸರಿಪಡಿಸಿಕೊಳ್ಳಬೇಕಾದದ್ದು ಹಾಸಿಗೆಯ ಪಕ್ಕದ ಪರೀಕ್ಷೆಯನ್ನು. ಇದಕ್ಕೆಂದೇ ಕೋಮಾ ರಿಕವರಿ ಸ್ಕೇಲ್ ಎಂಬ ಕ್ರಮಬದ್ಧ ಪರೀಕ್ಷೆ ಇದೆ. ಅದರ ಪರಿಷ್ಕೃತ ರೂಪ 2004ರಿಂದ ಬಳಕೆಯಲ್ಲಿದೆ. ವೈದ್ಯರ ತಂಡ ವೆಜಿಟೇಟಿವ್ ಎಂದು ಒಮ್ಮತದಿಂದ ಹೇಳಿದ್ದ 44 ಮಂದಿಯನ್ನು ಈ ಪರೀಕ್ಷೆಗೆ ಒಳಪಡಿಸಿದಾಗ 18 ಮಂದಿಯಲ್ಲಿ ಅರಿವಿನ ಗುರುತು ಸಿಕ್ಕಿತೆಂದು 2009ರ ಯುರೋಪಿನ ಅಧ್ಯಯನವೊಂದು ತೋರಿಸಿತ್ತು. ಒಂದೇ ದಿನದ ಪರೀಕ್ಷೆ ಸಾಲದು, ಎರಡು ವಾರಗಳೊಳಗೆ ಐದು ಬಾರಿಯಾದರೂ ಮಾಡಬೇಕೆಂಬುದು ಅನುಭವದಿಂದ ಬಂದ ಮಾತು. ಬೇಕಾಗುವ ಸಾಮಗ್ರಿ ದುಬಾರಿಯದೇನಲ್ಲ. ಕಣ್ಣು ವಸ್ತುವನ್ನು ಹಿಂಬಾಲಿಸುತ್ತದೆಯೇ ಎಂದು ನೋಡಲು ಬೇರೆಲ್ಲಕ್ಕಿಂತ ಒಳ್ಳೆಯ ಸಾಧನ ಒಂದು ಮುಖಗನ್ನಡಿ. ಮನುಷ್ಯ ತನ್ನ ಮುಖವನ್ನು ಬೇಗ ಬಿಟ್ಟುಕೊಡುವುದಿಲ್ಲ.

ಇಲ್ಲಿ ಭಾಷೆಯ ಮಾತೂ ಬರುತ್ತದೆ. ನನ್ನ ಸೇವಾವಧಿಯಲ್ಲಿ, ಹೆಸರು ಬೇಡದ ಒಂದು ಆಸ್ಪತ್ರೆಯಲ್ಲಿ, ಹಾವೇರಿ ಕಡೆಯ ರೈತರೊಬ್ಬರಿಗೆ ಇಇಜಿ ತೆಗೆಯುತ್ತಿದ್ದೆ. ಪಕ್ಕದಲ್ಲಿದ್ದ ಕಿರಿಯ ವೈದ್ಯರು "ಹಾಥ್ ಉಠಾವೋ" ಎಂದು ಮೂರು ಸಲ ಗಟ್ಟಿಯಾಗಿ ಹೇಳಿ, ‘ಸ್ಪಂದನೆ ಇಲ್ಲ’ ಎಂದು ಬರೆದು ಮುಗಿಸಿದರು. "ಅವರಿಗೆ ಹಿಂದಿ ಬರಂಗಿಲ್ರೀ ಸಾಹೇಬ್ರ" ಎಂದ ಆ ರೈತರ ಹೆಂಡತಿ, ಗಂಡನ ಕಿವಿಯ ಹತ್ತಿರ ಬಗ್ಗಿ "ಕೈ ಎತ್ರೀ" ಎಂದರು. ಹೆಬ್ಬೆರಳು ಅಲುಗಿತು, ಮತ್ತೊಮ್ಮೆ ಹೇಳಿದಾಗ ಮತ್ತೆ ಅಲುಗಿತು, ಮೂರನೆಯ ಬಾರಿ ಇಲ್ಲ. ಅದು ಕಾಕತಾಳೀಯವೂ ಇರಬಹುದಿತ್ತು. ಇನ್ನೂ ನಾಲ್ಕು ದಿನ ಪರೀಕ್ಷಿಸಿದ್ದರೆ ತಿಳಿಯುತ್ತಿತ್ತು, ಯಾರೂ ಪರೀಕ್ಷಿಸಲಿಲ್ಲ. ಬರೆದದ್ದನ್ನು ತಿದ್ದಿಸಲು ನಾನೂ ಬಾಯಿ ಬಿಡಲಿಲ್ಲ. ಟೆನಿಸ್ ರ‍್ಯಾಕೆಟ್ ಹಿಡಿಯದ ನಮ್ಮವರಿಗೆ ಬಾವಿಯಿಂದ ನೀರು ಸೇದುವಂತೆಯೋ, ಅಂಗಳದಲ್ಲಿ ರಂಗೋಲಿ ಎಳೆಯುವಂತೆಯೋ, ಕಬಡ್ಡಿ ಆಡುವಂತೆಯೋ ಕಲ್ಪಿಸಿಕೊಳ್ಳಲು ಅವರವರ ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಹೇಳುವುದನ್ನು ನಮ್ಮ ಸಂಶೋಧಕರೇ ರೂಢಿಗೆ ತರಬೇಕು.

ಈ ಚರ್ಚೆಗೆ ಕರ್ನಾಟಕದ ನಂಟು ಹಳೆಯದು. 1973ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಹಲ್ಲೆಗೊಳಗಾಗಿ, ಅಲ್ಲಿಂದ ಹಾಸಿಗೆ ಹಿಡಿದೇ ಇದ್ದು 2015ರಲ್ಲಿ ತೀರಿಕೊಂಡ ದಾದಿ ಅರುಣಾ ಶಾನಭಾಗ್ ಉತ್ತರ ಕನ್ನಡದ ಹಳದೀಪುರದವರು. ಅವರಲ್ಲಿ ವೆಜಿಟೇಟಿವ್ ಸ್ಥಿತಿಯ ಬಹುಪಾಲು ಲಕ್ಷಣಗಳಿವೆ ಎಂದು ಸುಪ್ರೀಂ ಕೋರ್ಟ್ ನೇಮಿಸಿದ ವೈದ್ಯರು ವರದಿ ಕೊಟ್ಟರೆ, ಇಷ್ಟದ ಊಟಕ್ಕೆ ಆಕೆ ಸ್ಪಂದಿಸುತ್ತಾರೆ ಎಂದು ವರ್ಷಗಟ್ಟಲೆ ಆರೈಕೆ ಮಾಡಿದ ದಾದಿಯರು ಹೇಳುತ್ತಿದ್ದರು. ಆಕೆಯನ್ನು ಸಾಯಲು ಬಿಡಬೇಕೆಂಬ ಅರ್ಜಿಯ ಮೇಲೆ ಆ ಕೋರ್ಟ್ 2011ರಲ್ಲಿ ಕೊಟ್ಟ ತೀರ್ಪಿನಿಂದ ಹೊರಟ ದಾರಿ 2018ರ ಸಂವಿಧಾನ ಪೀಠದ ತೀರ್ಪು ಮತ್ತು 2023ರ ಪರಿಷ್ಕೃತ ಮಾರ್ಗಸೂಚಿಗಳನ್ನು ಹಾದು ನಮ್ಮ ರಾಜ್ಯದ ಸುತ್ತೋಲೆಗೆ ಬಂದು ನಿಂತಿದೆ. ನಾನು ಆ ಸುತ್ತೋಲೆಯ ವಿರೋಧಿಯಲ್ಲ. ಗುಣವಾಗದ ಕಾಯಿಲೆಯ ಕೊನೆಯಲ್ಲಿರುವವರನ್ನು ಬಲವಂತವಾಗಿ ಯಂತ್ರಕ್ಕೆ ಕಟ್ಟಿಹಾಕುವುದನ್ನು ಹತ್ತಿರದಿಂದ ನೋಡಿದವನು. ಆದರೆ ತಲಾ ಮೂವರು ವೈದ್ಯರ ಎರಡು ಮಂಡಳಿಗಳು ವೆಜಿಟೇಟಿವ್ ಸ್ಥಿತಿ ಎಂಬ ಕಾರಣಕ್ಕೆ ಚಿಕಿತ್ಸೆ ನಿಲ್ಲಿಸಲು ಒಪ್ಪಿಗೆ ಕೊಡುವ ಮೊದಲು, ರೋಗಿಯ ಮನೆಮಾತಿನಲ್ಲಿ, ನಿದ್ದೆಯ ಔಷಧ ಸಾಧ್ಯವಾದಷ್ಟು ಇಳಿಸಿ, ಬೇರೆ ಬೇರೆ ದಿನ ಐದು ಬಾರಿ ಪರೀಕ್ಷೆ ನಡೆದ ದಾಖಲೆ ಕಡ್ಡಾಯವಾಗಬೇಕು. ಅನುಮಾನ ಉಳಿದರೆ ಇಇಜಿ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಯ ನೆರವು ಸಿಗುವ ವ್ಯವಸ್ಥೆಯನ್ನು ಸರ್ಕಾರ ಮಾಡಲಿ.

ಹಾಗೆಂದು, ಯಂತ್ರ ಕೊಟ್ಟ ಒಂದು ‘ಹೌದು’ ಹಿಡಿದು "ಬದುಕಬೇಕೇ ಬೇಡವೇ" ಎಂದು ಕೇಳಲು ಯಾರೂ ಹೊರಡಬಾರದು. ದೇಹ ಪೂರ್ತಿ ಸ್ತಬ್ಧವಾಗಿದ್ದ ನರರೋಗಿಗಳು ಹೌದು–ಇಲ್ಲ ಹೇಳಿದರೆಂದು 2017ರಲ್ಲಿ ಜಗತ್ತಿಗೆಲ್ಲ ಸುದ್ದಿಯಾದ ಜರ್ಮನ್ ತಂಡದ ಪ್ರಬಂಧವನ್ನು ಅದನ್ನು ಪ್ರಕಟಿಸಿದ ವಿಜ್ಞಾನ ಪತ್ರಿಕೆಯೇ 2019ರಲ್ಲಿ ಹಿಂತೆಗೆದುಕೊಂಡಿತು. ನೋವಿದೆಯೇ, ಮಗ್ಗುಲು ಬದಲಿಸಬೇಕೇ, ರೇಡಿಯೊ ಹಚ್ಚಲೇ ಎಂಬ ಪ್ರಶ್ನೆಗಳಿಗೆ ಮತ್ತೆ ಮತ್ತೆ ಒಂದೇ ಉತ್ತರ ಸಿಗುವುದು ಖಾತ್ರಿಯಾದರೆ, ಸದ್ಯಕ್ಕೆ ಅದೇ ದೊಡ್ಡದು.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದ ಕೆಲಸವೊಂದಿದೆ. ಹಾಸಿಗೆಯ ಬಳಿ ನಲವತ್ತು ಪುಟದ ನೋಟ್‌ಬುಕ್ ಇಟ್ಟು, ರೋಗಿ ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಏನು ಹೇಳಿದಾಗ, ಏನು ಮಾಡಿದರು ಎಂಬುದನ್ನು ಸ್ಪಂದನೆ ಕಾಣದ ದಿನವೂ ಸೇರಿಸಿ ಬರೆದಿಡಲಿ. ಆ ಪುಸ್ತಕವನ್ನು ಓದಿದ ಮೇಲೆಯೇ ಮಂಡಳಿಯ ವೈದ್ಯರು ಸಹಿ ಹಾಕಬೇಕೆಂಬ ಒಂದು ಸಾಲನ್ನು ಸುತ್ತೋಲೆಗೆ ಸೇರಿಸಲು ಆರೋಗ್ಯ ಇಲಾಖೆಯನ್ನು ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಇಇಜಿ ತಂತ್ರಜ್ಞ, ಧಾರವಾಡ